ಒದ್ದೆ ಬಟ್ಟೆಯಲ್ಲಿ ಎರಡು ಡಜನ್ ಚೆಂಡು

ಬಸಲಿಂಗಪ್ಪನವರ ಅಂಗೈಯೇ ಒಂದು ತಕ್ಕಡಿ. ಇದನ್ನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ನಮ್ಮ ಕನ್ನಡ ಸಂಘದ ಯುಗಾದಿ ಊಟದಲ್ಲಿ, ಅಧ್ಯಕ್ಷರ ಮನೆಯಿಂದ ಬಂದ ಹೋಳಿಗೆಗಳನ್ನು ಅವರು ಒಂದೊಂದಾಗಿ ಕೈಮೇಲಿಟ್ಟು, ಕಣ್ಣು ಅರೆಮುಚ್ಚಿ, "ಇದು ತೊಂಬತ್ತು ಗ್ರಾಂ ಐತಿ. ಇದು ಎಪ್ಪತ್ತೈದು. ಇದರಾಗ ಹೂರಣನ ಇಲ್ಲ, ವಾಪಸ್ ಕಳಸ್ರಿ" ಎಂದು ತೀರ್ಪು ಕೊಟ್ಟಿದ್ದರು. ಅಧ್ಯಕ್ಷರ ಹೆಂಡತಿ ಮುಂದಿನ ಎರಡು ವರ್ಷ ಸಂಘಕ್ಕೆ ಚಿತ್ರಾನ್ನ ಬಿಟ್ಟು ಬೇರೇನೂ ತರಲಿಲ್ಲ.

ಆ ಅಂಗೈ ಪಳಗಿದ್ದು ಗದಗ ಕಡೆಯ ಒಂದು ನೂಲಿನ ಗಿರಣಿಯಲ್ಲಿ. ಹತ್ತಿ ನೂಲು ಗಾಳಿಯಿಂದಲೇ ನೀರು ಕುಡಿಯುತ್ತದೆ. ಕುಡಿದಷ್ಟೂ ತೂಕ, ತೂಕ ಹೆಚ್ಚಿದಷ್ಟೂ ಮಾರುವವನಿಗೆ ಹಬ್ಬ, ಕೊಳ್ಳುವವನಿಗೆ ಟೋಪಿ. ಆ ಟೋಪಿಯನ್ನು ತಡೆಯುವುದೇ ಇವರ ಉದ್ಯೋಗವಾಗಿತ್ತು. ನೂಲಿನ ಉಂಡೆಯನ್ನು ಒಮ್ಮೆ ಹಿಚುಕಿ "ನೀರು ಕುಡದೈತಿ" ಎಂದರೆ ಮುಗಿಯಿತು, ಲಾರಿ ಬಂದ ದಾರಿಯಲ್ಲೇ ತಿರುಗಬೇಕು. 1990ರಲ್ಲಿ ದಕ್ಷಿಣ ಕೆರೊಲೈನಾದ ಸ್ಪಾರ್ಟನ್‌ಬರ್ಗ್ ಹತ್ತಿರದ ಗಿರಣಿಯೊಂದು ಆ ಅಂಗೈಯನ್ನು, ಅದಕ್ಕೆ ಅಂಟಿಕೊಂಡಿದ್ದ ಬಸಲಿಂಗಪ್ಪನವರನ್ನು, ಅವರ ಹೆಂಡತಿ ಗಂಗಾಂಬಿಕಾ ಅವರನ್ನು ವೀಸಾ ಕೊಟ್ಟು ಕರೆಸಿಕೊಂಡಿತು. ಹದಿನೆಂಟು ವರ್ಷ ಬಳಸಿಕೊಂಡು 2008ರಲ್ಲಿ ಬಾಗಿಲು ಹಾಕಿತು. ಯಂತ್ರಗಳು ಹಡಗು ಹತ್ತಿ ಬೇರೆ ದೇಶಕ್ಕೆ ಹೋದವು. ಅಂಗೈ ಇಲ್ಲೇ ಉಳಿಯಿತು.

ಐವತ್ತಾರನೆಯ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡ ವೀರ ಏನು ಮಾಡಬೇಕು? ಮುಚ್ಚಿದ ಗಿರಣಿಯ ಹಿಂದೆ, ಹಿಂದೊಮ್ಮೆ ಗಿರಣಿಯ ಕೆಲಸಗಾರರೇ ಆಡುತ್ತಿದ್ದ ಬೇಸ್‌ಬಾಲ್ ಮೈದಾನವಿತ್ತು. ಅಲ್ಲೀಗ ಶಟಲ್ಸ್ ಎಂಬ ಸಣ್ಣ ವೃತ್ತಿಪರ ತಂಡ. ಶಟಲ್ ಎಂದರೆ ಮಗ್ಗದ ಲಾಳಿ. ಹೆಸರಿಗೆ ತಕ್ಕಂತೆ ಅವರು ಇಡೀ ಬೇಸಿಗೆ ಅತ್ತಿಂದಿತ್ತ ಓಡುತ್ತಿದ್ದರು, ಗೆಲ್ಲುತ್ತಿದ್ದದ್ದು ಅಪರೂಪ. ಬಸಲಿಂಗಪ್ಪ ಮೊದಲು ಗೇಟಿನಲ್ಲಿ ಟಿಕೆಟ್ ಹರಿದರು. ಎರಡನೆಯ ವರ್ಷ ಚೆಂಡಿನ ಕೋಣೆಯ ಮುದುಕ ನಿವೃತ್ತನಾದಾಗ ಅದರ ಬೀಗದ ಕೈ ಇವರಿಗೆ ಬಂತು. ಯಾರಿಗೂ ಬೇಡದ ಕೆಲಸವದು. ಇವರು ಮಾತ್ರ ಶಸ್ತ್ರಾಗಾರದ ಅಧಿಪತಿಯಾಗಿ ಪಟ್ಟಾಭಿಷೇಕವಾದವರಂತೆ ಮನೆಗೆ ಬಂದರು.

ಕ್ರಿಕೆಟ್ಟಿನಲ್ಲಿ ಒಂದು ಚೆಂಡು ದಿನವಿಡೀ ಉರುಳುತ್ತದೆ. ಬೇಸ್‌ಬಾಲ್ ದುಂದುಗಾರರ ಆಟ, ಒಂದು ಪಂದ್ಯಕ್ಕೆ ಆರು ಡಜನ್ ಬೇಕು. ಹೊಸ ಚೆಂಡು ಮದುಮಗನ ಬೂಟಿನಂತೆ ಹೊಳೆದು ಕೈಯಿಂದ ಜಾರುತ್ತದೆ. ಅದಕ್ಕೇ ಆಟಕ್ಕೆ ಮುಂಚೆ ಪ್ರತಿಯೊಂದಕ್ಕೂ ನುಣ್ಣನೆಯ ನದಿ ಮಣ್ಣು ಉಜ್ಜಿ ಹೊಳಪು ತೆಗೆಯಬೇಕು, ತೇವ ತಾಗದಂತೆ ಬೀರುವಿನಲ್ಲಿಡಬೇಕು, ಅಂಪೈರ್‌ನ ಪರೀಕ್ಷೆಗೆ ಒಪ್ಪಿಸಬೇಕು. ಮೊದಲ ದಿನವೇ ಬಸಲಿಂಗಪ್ಪ ಹರಿದುಹೋದ ಚೆಂಡೊಂದನ್ನು ಪೂರ್ತಿ ಬಿಚ್ಚಿ ನೋಡಿದರು. ಮೇಲೆ ಚರ್ಮ, ನಡುವೆ ಬೆಂಡಿನ ಗುಂಡು. ಇವೆರಡರ ಮಧ್ಯೆ ಬಿಗಿಯಾಗಿ ಸುತ್ತಿದ ನೂರಾರು ಗಜ ಉಣ್ಣೆಯ ನೂಲು!

"ಗಂಗಾ, ಒಳಗ ನೂಲು ಐತಿ!" ಎಂದು ಫೋನಿನಲ್ಲಿ ಕೂಗಿದರಂತೆ, ಜಾತ್ರೆಯಲ್ಲಿ ಕಳೆದುಹೋಗಿದ್ದ ತಮ್ಮ ಸಿಕ್ಕವರ ಹಾಗೆ.

ಚರ್ಮದ ಮೇಲೆ ಸರಿಯಾಗಿ ನೂರೆಂಟು ಹೊಲಿಗೆ ಇರುತ್ತದೆ ಎಂದು ಗೊತ್ತಾದ ದಿನ ಗಂಗಕ್ಕ ಚೆಂಡಿಗೆ ಕೈ ಮುಗಿದರು. ಬಸಲಿಂಗಪ್ಪ ಕೋಣೆಗೆ ಸುಣ್ಣ ಹೊಡೆಸಿದರು. ಬೀರುವಿನೊಳಗೆ ಉಷ್ಣಾಂಶ, ತೇವಾಂಶ ತೋರಿಸುವ ಮಾಪಕ ತೂಗುಹಾಕಿದರು. ಐದು ಔನ್ಸಿಗಿಂತ ಕಡಿಮೆ ಇಲ್ಲ, ಐದೂಕಾಲಕ್ಕಿಂತ ಹೆಚ್ಚಿಲ್ಲ. ಅದು ಚೆಂಡಿನ ಕಾನೂನು. ಒಂದೊಂದನ್ನೂ ಅಂಗೈಯಲ್ಲಿ ತೂಗಿ, ಸಂಶಯ ಬಂದದ್ದನ್ನು ಅಭ್ಯಾಸದ ಬಕೆಟ್ಟಿಗೆ ಎಸೆಯುತ್ತಿದ್ದರು. ಓಡೆಲ್ ಎಂಬ ಎಪ್ಪತ್ತರ ಅಂಪೈರ್ ಅಲ್ಲಿಯ ಆಟಗಳಿಗೆಲ್ಲ ಬರುತ್ತಿದ್ದ. ಅವನ ಅಂಗೈಯೂ ಇಂಥದ್ದೇ. ಏಳು ವರ್ಷದಲ್ಲಿ ಅವನು ಬಸಲಿಂಗಪ್ಪನವರ ಒಂದೇ ಒಂದು ಚೆಂಡನ್ನೂ ಹಿಂದಿರುಗಿಸಿರಲಿಲ್ಲ. ಇಬ್ಬರೂ ಆಟಕ್ಕೆ ಮುಂಚೆ ಎದುರುಬದುರು ಕೂತು, ಮಾತಿಲ್ಲದೆ ಚೆಂಡು ತೂಗುವುದನ್ನು ನಾನು ನೋಡಿದ್ದೇನೆ. ಹೆಣ್ಣು ನೋಡುವ ಶಾಸ್ತ್ರದಲ್ಲೂ ಅಷ್ಟು ಗಾಂಭೀರ್ಯ ಇರುವುದಿಲ್ಲ.

ಇಷ್ಟು ಹೇಳಿ, ಮಗನ ಸುದ್ದಿಗೆ ಬರುತ್ತೇನೆ. ಬರಬಾರದೆಂದೇ ಇಷ್ಟು ಹೊತ್ತು ಹೋಳಿಗೆ ತೂಗುತ್ತಿದ್ದೆ.

ಪವನ ಕೆರೊಲೈನಾದಲ್ಲೇ ಹುಟ್ಟಿದವನು, ಒಬ್ಬನೇ ಮಗ. ಪಿಚರ್, ಅಂದರೆ ಚೆಂಡು ಎಸೆಯುವವನು. ಹನ್ನೆರಡು ವರ್ಷದವನಿದ್ದಾಗ ಅವನ ಶಾಲೆಯ ತಂಡ ಫೈನಲ್ ತಲುಪಿತ್ತು. ಗ್ಯಾಲರಿಯಲ್ಲಿ ಕೂತಿದ್ದ ಬಸಲಿಂಗಪ್ಪ ತಾವೇ ಎದ್ದುಹೋಗಿ, "ನನ್ನ ಮಗನ ಬ್ಯಾಟು ನಿಯಮಕ್ಕಿಂತ ದಪ್ಪ ಐತಿ" ಎಂದು ಅಂಪೈರ್‌ಗೆ ದೂರು ಕೊಟ್ಟರು. ಅಳೆದರು, ಕೂದಲೆಳೆಯಷ್ಟು ದಪ್ಪವಿತ್ತು. ತಂಡ ಸೋತಿತು. ಮೂರು ವಾರ ಬೀದಿಯ ಯಾವ ತಾಯಿಯೂ ಗಂಗಕ್ಕನನ್ನು ಮಾತಾಡಿಸಲಿಲ್ಲ. ಪವನ ಮಾತ್ರ ಆ ಕಥೆಯನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ. "ಮೈ ಡ್ಯಾಡ್ ಬಸ್ಟೆಡ್ ಮಿ!", ಅಪ್ಪನೇ ನನ್ನನ್ನು ಹಿಡಿದುಕೊಟ್ಟ ಎಂದು, ಕಾಲೇಜಿನಲ್ಲೂ ಹೇಳುತ್ತಿದ್ದ.

ಕಾಲೇಜಿನ ನಂತರ ದೊಡ್ಡ ತಂಡಗಳು ಅವನನ್ನು ಕರೆಯಲಿಲ್ಲ. ಹೀಗೆ ಕರೆಯದವರೆಲ್ಲ ಬಂದು ಸೇರುವ ತಂಡ ಶಟಲ್ಸ್. ಎರಡು ವರ್ಷ ಪವನ ಅಪ್ಪ ಉಜ್ಜಿದ ಚೆಂಡುಗಳನ್ನೇ ಎಸೆದ. 2016ರ ಜುಲೈಗೆ ಅವನಿಗೆ ಇಪ್ಪತ್ತೈದು. ಆ ಆಟದಲ್ಲಿ ಇಪ್ಪತ್ತೈದು ಎಂದರೆ ಮದುವೆಯ ಮಾರುಕಟ್ಟೆಯ ನಲವತ್ತು. ಆಗ ಸುದ್ದಿ ಬಂತು: ಶನಿವಾರದ ಆಟಕ್ಕೆ ದೊಡ್ಡ ತಂಡವೊಂದರ ಸ್ಕೌಟ್ ಬರುತ್ತಾನೆ, ಆಟಗಾರರನ್ನು ಹುಡುಕುವ ಆಸಾಮಿ, ಪವನನನ್ನು ನೋಡುವುದಕ್ಕೆಂದೇ.

ತೊಂದರೆಯೇನೆಂದರೆ, ಹಿಂದಿನ ಮೂರು ಪಂದ್ಯಗಳಲ್ಲಿ ಪವನ ಎಸೆದ ಚೆಂಡುಗಳು ಎದುರಾಳಿಗಳ ಬ್ಯಾಟಿಗೆ ಸಿಕ್ಕಿ, ಬೇಲಿ ಹಾರಿ ಪಾರ್ಕಿಂಗ್ ಲಾಟಿನ ಕಾರುಗಳ ಗಾಜು ಒಡೆದಿದ್ದವು. ಆ ವರ್ಷ ಮಳೆಯಿಲ್ಲದ ಬೇಸಿಗೆ, ಒಣ ಶಾಖ. ಒಣಗಿದ ಚೆಂಡು ಬ್ಯಾಟಿನಿಂದ ಹಾರುತ್ತದೆ, ಎಸೆಯುವವನ ಬೆರಳಿನಿಂದ ಜಾರುತ್ತದೆ. ತೇವ ಕುಡಿದ ಚೆಂಡು ಹಾರುವುದಿಲ್ಲ, ಜಾರುವುದೂ ಇಲ್ಲ. ಈ ರಹಸ್ಯ ನೂಲು ಬಲ್ಲವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಸಲಿಂಗಪ್ಪ ಅಡಿಗೆಮನೆಗೆ ಬಂದರು.

"ಗಂಗಾ, ಮಡಿಕಿ ಕಾಳು ಕಟ್ಟೋ ಅರಿವಿ ಎಲ್ಲೈತಿ?"

"ಯಾಕ್ರೀ? ಸ್ಟೇಡಿಯಂದಾಗ ಪಲ್ಯ ಮಾಡ್ತೀರೇನು?"

"ಚೆಂಡು ಒರಸಾಕ."

"ಅದನ್ನ ಇನ್ನಾ ತೊಳದಿಲ್ರಿ. ನಿನ್ನೆ ಕಾಳು ಬಿಚ್ಚೇನಿ, ವಾಸನಿ ಬರ್ತೈತಿ."

"ಇರ್ಲಿ ಬಿಡು."

ಮೂವತ್ತು ವರ್ಷದ ಸಂಸಾರದಲ್ಲಿ ಅವರು ಹೆಂಡತಿಗೆ ಹೇಳಿದ ಮೊದಲ ಸುಳ್ಳು ಈ "ಚೆಂಡು ಒರಸಾಕ". ಆ ಬಟ್ಟೆಯನ್ನೇ ಯಾಕೆ ಆರಿಸಿದರು? ಕಾಳನ್ನು ಕೊಳೆಸದೆ ಮೊಳಕೆ ಬರಿಸುವಷ್ಟೇ ತೇವ ಹಿಡಿಯುವ ಬಟ್ಟೆ ಈ ಭೂಮಿಯ ಮೇಲೆ ಅದೊಂದೇ ಎಂಬುದು ಅವರ ನಂಬಿಕೆ. ನೀರಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಎರಡು ಡಜನ್ ಚೆಂಡುಗಳನ್ನು ಗಂಟು ಕಟ್ಟಿ ಬೀರುವಿನಲ್ಲಿಟ್ಟರು. ಮೊದಲು ಬಳಕೆಗೆ ಹೋಗುವ ಡಬ್ಬಿಗಳವು. ಮಗ ಎಸೆಯುವುದು ಆಟದ ಮೊದಲ ಭಾಗದಲ್ಲಿ. ಶನಿವಾರ ಬೆಳಿಗ್ಗೆ ಗಂಟು ಬಿಚ್ಚಿ, ಮೇಲೆ ಮಣ್ಣು ಉಜ್ಜಿ, ಉಳಿದ ನಾಲ್ಕು ಡಜನ್ ಜೊತೆ ಅಂಪೈರ್‌ನ ಕೋಣೆಯಲ್ಲಿಟ್ಟು ಬಂದರು. ಎಂದಿನಂತೆ ಓಡೆಲ್ ಎದುರು ಕೂರಲಿಲ್ಲ. ಕೂರಲು ಮುಖವಿರಲಿಲ್ಲ.

ಆ ಮಧ್ಯಾಹ್ನ ಪವನ ಆಡಿದ್ದನ್ನು ವರ್ಣಿಸಲು ನನ್ನಲ್ಲಿ ಕಹಳೆ ಇಲ್ಲ, ಭೇರಿ ಇಲ್ಲ, ಹಾಟ್‌ಡಾಗ್ ಹಿಡಿದಿದ್ದ ಒಂದು ಕೈ ಮಾತ್ರ ಇತ್ತು. ಎದುರಾಳಿಗಳು ಒಬ್ಬೊಬ್ಬರಾಗಿ ಬಂದರು, ಗಾಳಿಗೆ ಹೊಡೆದರು, ಬ್ಯಾಟನ್ನೇ ಸಂಶಯದಿಂದ ನೋಡುತ್ತ ಹಿಂದಿರುಗಿದರು. ಏಳು ಇನಿಂಗ್ಸ್, ಹನ್ನೊಂದು ಜನ ಚೆಂಡು ಮುಟ್ಟಲಾಗದೆಯೇ ಔಟು, ಬೇಲಿಯ ಹತ್ತಿರಕ್ಕೂ ಒಂದು ಚೆಂಡು ಸುಳಿಯಲಿಲ್ಲ. ಗಂಗಕ್ಕ ಎದ್ದು ನಿಂತು "ಹೊಡಿ ಮಗನ!" ಎಂದು ಕೂಗಿದರು. ಅವನು ಹೊಡೆಯುವವನಲ್ಲ, ಎಸೆಯುವವನು ಎಂದು ತಿದ್ದುವ ಧೈರ್ಯ ಯಾರಿಗೂ ಆಗಲಿಲ್ಲ. ಬಸಲಿಂಗಪ್ಪ ಮಾತ್ರ ಚಪ್ಪಾಳೆ ತಟ್ಟದೆ ತಮ್ಮ ಅಂಗೈಯನ್ನೇ ನೋಡುತ್ತಿದ್ದರು. ಸಂತೋಷ ಹೆಚ್ಚಾಗಿದೆ ಎಂದುಕೊಂಡೆ. ಆಟ ಮುಗಿದ ಮೇಲೆ ಸ್ಕೌಟ್ ಪವನನ ಕೈ ಕುಲುಕಿ, ಮಂಗಳವಾರ ಅಟ್ಲಾಂಟಾಕ್ಕೆ ಬಾ, ಸಹಿ ಹಾಕೋಣ ಎಂದ.

ಭಾನುವಾರ ಬೆಳಿಗ್ಗೆ ನಾನು ಪೇಡೆ ಡಬ್ಬಿ ಹಿಡಿದು ಅವರ ಮನೆಗೆ ಹೋದೆ. ಗಂಗಕ್ಕ ಬಿಸಿ ರೊಟ್ಟಿ ಬಡಿಯುತ್ತಿದ್ದರು. ಜೊತೆಗೆ ಮಗನಿಗೆ ಇಷ್ಟವಾದ ಮಡಿಕೆ ಕಾಳಿನ ಪಲ್ಯ. ಅದರ ಘಮ ಮೇಜಿಗೆ ಬಂದದ್ದೇ ತಡ, ಬಸಲಿಂಗಪ್ಪನವರ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು.

"ಪವನಾ," ಎಂದರು. "ನಿನ್ನೆ ಚೆಂಡು ಸರಿ ಇರ್ಲಿಲ್ಲಪಾ."

"ಸೂಪರ್ ಇತ್ತು ಅಪ್ಪಾ. ಗ್ರಿಪ್ ಏನ್ ಗೊತ್ತಾ?"

"ಅದನ್ನ ಹೇಳಾಕತ್ತೇನಿ. ಮೊದಲನೇ ಎರಡು ಡಜನ್, ಒದ್ದಿ ಅರಿವ್ಯಾಗ ಕಟ್ಟಿಟ್ಟಿದ್ದೆ. ನೀರು ಕುಡದಿದ್ವು."

ಪವನ ನಕ್ಕ. ಅಪ್ಪ ನಗಲಿಲ್ಲ. ಅವನ ನಗು ನಿಧಾನವಾಗಿ, ಬಾಗಿಲು ಮುಚ್ಚಿದ ಹಾಗೆ, ಮುಚ್ಚಿಕೊಂಡಿತು.

"ಯಾಕೆ?"

"ಮೂರು ಆಟ ಹೋಗಿತ್ತಲ್ಲ. ಹೆದರಿಕಿ ಆತು. ಆದ್ರ ಎರಡೂ ಟೀಮಿಗೆ ಅವ ಚೆಂಡು, ಮೋಸ ಹೆಂಗ ಆಗ್ತೈತಿ? ನೀವ ಹೇಳ್ರಿ ಸರ," ಎಂದು ನನ್ನ ಕಡೆ ತಿರುಗಿದರು. ಜಗತ್ತಿನ ಎಲ್ಲ ವಿಷಯಕ್ಕೂ ಅಭಿಪ್ರಾಯ ಇಟ್ಟುಕೊಂಡಿರುವ ನಾನು ಪೇಡೆ ಡಬ್ಬಿಯ ಮುಚ್ಚಳ ಸರಿಮಾಡಿದೆ.

"ಅಪ್ಪಾ, ಸ್ಕೌಟ್ ಸ್ಕೋರ್ ನೋಡಕ್ಕೆ ಬಂದಿರ್ಲಿಲ್ಲ," ಎಂದ ಪವನ. "ನನ್ನ ನೋಡಕ್ಕೆ ಬಂದಿದ್ದ."

ಅವನು ಕೂಗಾಡಲಿಲ್ಲ. ತಟ್ಟೆ ತೊಳೆದಿಟ್ಟ, ಹಿತ್ತಲಿಗೆ ಹೋದ. ಅಡಿಗೆಮನೆಯ ಕಿಟಕಿ ತೆರೆದಿತ್ತು. ಅವನು ಫೋನಿನಲ್ಲಿ ಆ ಸ್ಕೌಟ್‌ಗೆ, ಸಾರ್, ಹೇಳಬೇಕಾಗಿತ್ತು, ಎರಡು ತಿಂಗಳಿಂದ ಮೊಣಕೈ ಹೋಗಿದೆ, ನಿಮ್ಮ ಟೈಮ್ ವೇಸ್ಟ್ ಮಾಡಲ್ಲ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದದ್ದು ನಮ್ಮ ಮೂವರಿಗೂ ಕೇಳಿಸಿತು. ಅವನ ಮೊಣಕೈ ಚೆನ್ನಾಗಿಯೇ ಇತ್ತು. ನಿಜ ಹೇಳಿದ್ದರೆ ಅಪ್ಪನ ಬೀಗದ ಕೈ ಹೋಗುತ್ತಿತ್ತು, ಮಾನವೂ ಹೋಗುತ್ತಿತ್ತು. ಸುಮ್ಮನಿದ್ದಿದ್ದರೆ, ಬ್ಯಾಟಿನ ಕಥೆ ಹೇಳಿಕೊಂಡು ಬೆಳೆದ ಹುಡುಗ ಇನ್ನು ಯಾವ ಮುಖ ಇಟ್ಟುಕೊಂಡು ಚೆಂಡು ಹಿಡಿಯಬೇಕು?

ಗಂಗಕ್ಕ ಒಲೆ ಆರಿಸಿದರು. "ಅರಿವಿ ನಾನ ಕೊಟ್ನಲ್ರಿ," ಎಂದಷ್ಟೇ ಹೇಳಿದರು.

ಮಂಗಳವಾರ ಪವನ ಬ್ಯಾಗ್ ತೆಗೆದುಕೊಂಡು ಅಟ್ಲಾಂಟಾ ಕಡೆಗೇ ಹೋದ, ಸಹಿ ಹಾಕುವುದಕ್ಕಲ್ಲ. ಆ ಊರಿನ ಹೊರವಲಯದ ಸುವಾನಿಯಲ್ಲಿ ಗೆಳೆಯನ ಅಪಾರ್ಟ್‌ಮೆಂಟ್ ಸೇರಿದ. ಅಲ್ಲೇ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಬಂದವರ ಮೊಣಕೈ ಮಡಚಿಸಿ ಬಿಡಿಸುವುದು. ಅಮ್ಮನಿಗೆ ವಾರಕ್ಕೊಮ್ಮೆ ಫೋನ್. "ಅಪ್ಪನಿಗೆ ಕೊಡ್ಲೇನು?" ಎಂದರೆ "ಬೇಡ, ಡ್ರೈವ್ ಮಾಡ್ತಿದೀನಿ" ಎನ್ನುತ್ತಿದ್ದ. ಎರಡು ತಿಂಗಳು ಅವನು ಡ್ರೈವ್ ಮಾಡುತ್ತಲೇ ಇದ್ದ.

ಬಸಲಿಂಗಪ್ಪ ಕೆಲಸ ಬಿಡಲಿಲ್ಲ. ಬಿಟ್ಟರೆ ಯಾಕೆಂದು ಕೇಳುತ್ತಾರೆ, ಮಗನ ಸುಳ್ಳು ವ್ಯರ್ಥವಾಗುತ್ತದೆ. ದಿನಕ್ಕೆ ಆರು ಡಜನ್ ಉಜ್ಜಿದರು, ಒಂದೊಂದನ್ನೂ ಮೂರು ಸಲ ತೂಗಿದರು. ಒಮ್ಮೆ ನಾನು ಹೋದಾಗ ಹೇಳಿದರು: "ಕೈ ಮ್ಯಾಲೆ ಭರೋಸಾ ಹೋಗೇತ್ರಿ ಸರ. ಎಲ್ಲಾನೂ ಭಾರ ಅನಸ್ತಾವ."

ಓಡೆಲ್ ಆ ಶನಿವಾರದ ನಂತರ ಸೊಂಟದ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲೇ ಇದ್ದ. ಸೆಪ್ಟೆಂಬರಿನಲ್ಲಿ, ಸೀಸನ್ನಿನ ಕೊನೆಯ ದಿನ, ಕೋಲೂರಿಕೊಂಡು ಚೆಂಡಿನ ಕೋಣೆಗೆ ಬಂದ. ಬಂದವನೇ ಜೇಬಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಮೇಜಿನ ಮೇಲಿಟ್ಟ. ಒಳಗೊಂದು ಚೆಂಡು.

ಇದೊಂದು ಪ್ರಶ್ನೆ ಎರಡು ತಿಂಗಳಿಂದ ಕೊರೆಯುತ್ತಿದೆ ಎಂದನಂತೆ ಓಡೆಲ್. ಆ ದಿನ ನೀನು ಇಟ್ಟುಹೋದ ಮೊದಲ ಡಬ್ಬಿ ತೆರೆದೆ. ಎತ್ತಿದ ಕೂಡಲೇ ಕೈಗೆ ಭಾರ. ಮೂಗಿನ ಹತ್ತಿರ ಹಿಡಿದರೆ ಏನೋ ಹುಳಿ ಹುಳಿ, ಬೀನ್ಸ್ ನೆನೆಹಾಕಿದ ಹಾಗೆ. ಬೀರು ಸೋರಿದೆ, ನೀನು ಮಗನ ಆಟದ ಗಡಿಬಿಡಿಯಲ್ಲಿ ಗಮನಿಸಿಲ್ಲ ಅಂದುಕೊಂಡೆ. ನಿನಗೆ ಆ ದಿನ ಮುಜುಗರ ಮಾಡಬಾರದು ಅಂತ ಎರಡು ಡಜನ್ನನ್ನೂ ಅಭ್ಯಾಸದ ಬಕೆಟ್ಟಿಗೆ ಸುರಿದೆ, ಮೂರನೆಯ ಡಜನ್ನಿನಿಂದ ಆಟ ಶುರು ಮಾಡಿ, ಉಳಿದ ನಾಲ್ಕು ಡಜನ್ನಿನಲ್ಲೇ ಮುಗಿಸಿದೆ. ಇದೊಂದನ್ನು ಇಟ್ಟುಕೊಂಡೆ. ಈಗ ಹೇಳು, ಇದೇನು ವಾಸನೆ?

ಬಸಲಿಂಗಪ್ಪ ಉತ್ತರ ಕೊಟ್ಟರೋ ಇಲ್ಲವೋ ಅವರಿಗೇ ನೆನಪಿಲ್ಲ. ಅರ್ಧ ಗಂಟೆಯಲ್ಲಿ ನಮ್ಮ ಮನೆಯ ಬಾಗಿಲಲ್ಲಿದ್ದರು, ಕೈಯಲ್ಲಿ ಆ ಚೀಲ, ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಒಂದೇ ಮುಖದ ಮೇಲೆ ಅಷ್ಟೊಂದು ಸಾಮಾನು ನಾನು ಹಿಂದೆಂದೂ ನೋಡಿರಲಿಲ್ಲ.

"ಆಟ ಅಂವಂದ ಸರ! ಅಂವಂದ ಕೈ! ಒಣಾ ಚೆಂಡಿನ್ಯಾಗ ಆಡ್ಯಾನ! ಸುವಾನಿಗೆ ನಡೀರಿ."

"ಮೊದ್ಲು ಫೋನ್ ಮಾಡಿ ಹೇಳಿ."

"ಫೋನಿನ್ಯಾಗ ವಾಸನಿ ಹೋಗೂದಿಲ್ರಿ."

ಎರಡೂವರೆ ಗಂಟೆಯ ದಾರಿ. ಗಂಗಕ್ಕನ ಮಂಡಿ ನೋವು, ಬರಲಿಲ್ಲ. ರೊಟ್ಟಿ, ಬದನೆಕಾಯಿ ಎಣಗಾಯಿ ಕಟ್ಟಿಕೊಟ್ಟರು. ಆ ಭಾನುವಾರದ ನಂತರ ಆ ಮನೆಯಲ್ಲಿ ಮಡಿಕೆ ಕಾಳು ಮೊಳಕೆ ಒಡೆದಿರಲಿಲ್ಲ. ದಾರಿಯುದ್ದಕ್ಕೂ ಬಸಲಿಂಗಪ್ಪ ಚೀಲದ ಬಾಯಿ ಬಿಗಿಯಾಗಿ ಹಿಡಿದಿದ್ದರು, ವಾಸನೆ ಹಾರಿಹೋದೀತೆಂದು. ದಂಡಯಾತ್ರೆ ಗೆದ್ದು ರಾಜಧಾನಿಗೆ ಮರಳುವ ಸೇನಾಪತಿಯ ಹಾಗೆ ಕೂತಿದ್ದರು. ನಾನೂ, ಆನೆಯ ಮಾವುತನಂತೆ, ಗಂಟೆಗೆ ಎಂಬತ್ತು ಮೈಲಿ ವೇಗದಲ್ಲಿ ಓಡಿಸಿದೆ.

ಪವನ ಅಪಾರ್ಟ್‌ಮೆಂಟಿನ ಕೆಳಗೆ ಇಳಿದು ಬಂದ. ಸ್ವಲ್ಪ ದಪ್ಪಗಾಗಿದ್ದ. ನನಗೆ "ಹಾಯ್ ಅಂಕಲ್" ಎಂದ. ಬಸಲಿಂಗಪ್ಪ ನಿಂತಲ್ಲೇ, ಪಾರ್ಕಿಂಗ್ ಲಾಟಿನಲ್ಲೇ, ಎಲ್ಲ ಹೇಳಿದರು. ಹೇಳಿ, ಚೀಲ ಬಿಚ್ಚಿ ಚೆಂಡನ್ನು ಅವನ ಮೂಗಿನ ಮುಂದೆ ಹಿಡಿದರು.

ಪವನ ಮೂಸಿದ. ಇನ್ನೊಮ್ಮೆ ಮೂಸಿದ.

"ಅಮ್ಮನ ಕಾಳು," ಎಂದ.

"ಹೌದಪಾ! ಓಡೆಲ್ ಸುಳ್ಳು ಹೇಳೂ ಮನಷ್ಯಾ ಅಲ್ಲ."

"ನಂಬ್ತೀನಿ ಅಪ್ಪಾ."

"ನೋಡು ಮತ್ತ! ಆ ಸ್ಕೌಟ್‌ಗೆ ಫೋನ್ ಹಚ್ಚು ಈಗ."

"ಮೊಣಕೈ ಹೋಗಿದೆ ಅಂದ ಪಿಚರ್‌ನ ಯಾರೂ ವಾಪಸ್ ಕರಿಯಲ್ಲ. ಆ ಜಾಗಕ್ಕೆ ಬೇರೆಯವನು ಬಂದಾಯ್ತು." ಪವನ ಚೆಂಡನ್ನು ಬೆರಳುಗಳಲ್ಲಿ ಹಿಡಿದು ಹೊಲಿಗೆಯ ಮೇಲೆ ಸರಿಮಾಡಿಕೊಂಡ. ಕೈ ತಾನಾಗಿಯೇ ಎಸೆಯುವ ಹಿಡಿತಕ್ಕೆ ಹೋಗಿತ್ತು. "ಅದಕ್ಕೆ ಬೇಜಾರಿಲ್ಲ. ರಿಯಲಿ. ಆದ್ರೆ ಅಪ್ಪಾ, ಆ ಸ್ಕೌಟ್ ನನ್ನ ನೋಡಿದ್ದು ಒಂದೇ ಆಟ. ಅವ್ನು ನಂಬಿದ. ನೀನು ಇಪ್ಪತ್ತು ವರ್ಷ ನೋಡಿದೀಯ."

ಬಸಲಿಂಗಪ್ಪ ಖಾಲಿ ಚೀಲವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. ಎಷ್ಟೋ ಲಾರಿ ನೂಲನ್ನು ಒಂದೇ ಮಾತಿನಲ್ಲಿ ವಾಪಸ್ ಕಳಿಸಿದ ಮನುಷ್ಯ.

"ಊಟದ ಡಬ್ಬಿ," ಎಂದು ನಾನು ಕಾರಿನಿಂದ ತಂದು ಚಾಚಿದೆ.

ಪವನ ಡಬ್ಬಿ ತೆಗೆದುಕೊಂಡ. ಚೆಂಡನ್ನು ಅಪ್ಪನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮೆಲ್ಲಗೆ ಮಡಚಿದ, ಕ್ಲಿನಿಕ್ಕಿನಲ್ಲಿ ಮುದುಕರಿಗೆ ಮಾಡುವ ಹಾಗೆ. "ಹುಷಾರಾಗಿ ಹೋಗಿ. ಅಮ್ಮನಿಗೆ ಭಾನುವಾರ ಫೋನ್ ಮಾಡ್ತೀನಿ," ಎಂದು ಮೆಟ್ಟಿಲು ಹತ್ತಿದ. ತಿರುಗಿ ನೋಡಲಿಲ್ಲ, ನೋಡಲಿ ಎಂದು ನಾವಿಬ್ಬರೂ ಬಹಳ ಹೊತ್ತು ನಿಂತಿದ್ದೆವು.

ವಾಪಸ್ ದಾರಿಯಲ್ಲಿ ನನ್ನ ಹಾಸ್ಯದ ಬತ್ತಳಿಕೆಯನ್ನೆಲ್ಲ ತಡಕಾಡಿದೆ, ಒಂದು ಬಾಣವೂ ಸಿಗಲಿಲ್ಲ. ಕೆರೊಲೈನಾದ ಗಡಿ ದಾಟುವಾಗ ಬಸಲಿಂಗಪ್ಪ ಮುಷ್ಟಿ ಬಿಚ್ಚಿದರು. ಚೆಂಡನ್ನು ಅಂಗೈ ಮೇಲಿಟ್ಟು, ಕಣ್ಣು ಅರೆಮುಚ್ಚಿ, ಒಮ್ಮೆ ಮೇಲೆ ಕೆಳಗೆ ತೂಗಿದರು.

"ಒಣಗೇತ್ರಿ ಸರ," ಎಂದರು. "ಐದು ಔನ್ಸಿನ ಮ್ಯಾಲೆ ಚೂರು. ಈಗ ಪಾಸ್."